ಧರ್ಮಸಭೆ ಮತ್ತು ಸರ್ಕಾರ: ಐರ್ಲೆಂಡ್ ಕಂಡ ನೂರು ವರ್ಷ



ಧರ್ಮ ಮತ್ತು ರಾಜ್ಯಾಡಳಿತ ಎಂಬ ವಿಷಯ ಕೊಟ್ಟು, ಅದರಲ್ಲಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ ಎಂದು ಸಂಘಟಕರು ಸಲುಗೆ ಕೊಟ್ಟಿದ್ದಾರೆ. ಇಷ್ಟು ದೊಡ್ಡ ಹೊಲವನ್ನು ಒಂದು ಗಂಟೆಯಲ್ಲಿ ಉಳಲು ಹೊರಟರೆ ನೇಗಿಲು ಎಲ್ಲಿಯೂ ಆಳಕ್ಕೆ ಇಳಿಯದು. ಆದ್ದರಿಂದ ಒಂದೇ ದೇಶವನ್ನು ಹಿಡಿದುಕೊಂಡಿದ್ದೇನೆ: ಐರ್ಲೆಂಡ್. ಜನಸಂಖ್ಯೆಯಲ್ಲಿ ನಮ್ಮ ಬೆಂಗಳೂರಿಗಿಂತ ಚಿಕ್ಕದು. ಆದರೆ ಕ್ರೈಸ್ತ ಧರ್ಮವನ್ನು ತನ್ನ ಗುರುತನ್ನಾಗಿ ಮಾಡಿಕೊಂಡ, ಅದನ್ನು ಕಾನೂನಿಗೆ ಇಳಿಸಿದ, ಆಮೇಲೆ ಒಂದೊಂದೇ ಮತ ಹಾಕಿ ಅದನ್ನು ಕಳಚಿದ ದೇಶ. ಈ ಮೂರೂ ಒಂದು ಶತಮಾನದೊಳಗೆ ನಡೆದುಹೋದವು. ನಮಗೂ ಆ ದೇಶಕ್ಕೂ ಇರುವ ಸಂಬಂಧ ನಾವು ತಿಳಿದಿರುವುದಕ್ಕಿಂತ ಹತ್ತಿರದ್ದು.

ಆ ಸಂಬಂಧದಿಂದಲೇ ಶುರುಮಾಡೋಣ. 1949ರ ಅಕ್ಟೋಬರ್ 17ರಂದು ನಮ್ಮ ಸಂವಿಧಾನ ಸಭೆ ಪೀಠಿಕೆಯನ್ನು ಚರ್ಚೆಗೆ ಎತ್ತಿಕೊಂಡಿತು. ಮಂಗಳೂರಿನಲ್ಲಿ ಹುಟ್ಟಿದ, ಐಸಿಎಸ್ ಬಿಟ್ಟು ಸುಭಾಷ್‌ಚಂದ್ರ ಬೋಸರ ಫಾರ್ವರ್ಡ್ ಬ್ಲಾಕ್ ಸೇರಿದ್ದ ಹರಿ ವಿಷ್ಣು ಕಾಮತರು ಎದ್ದು, ಪೀಠಿಕೆ ದೇವರ ಹೆಸರಿನಲ್ಲಿ ಆರಂಭವಾಗಬೇಕು ಎಂದು ತಿದ್ದುಪಡಿ ಮಂಡಿಸಿದರು. ಹೃದಯನಾಥ ಕುಂಜ್ರೂ ಅವರಂಥವರು, ನಂಬಿಕೆ ಅವರವರಿಗೆ ಬಿಟ್ಟದ್ದು, ಅದನ್ನು ಎಲ್ಲರ ಮೇಲೆ ಹೇರಬಾರದು ಎಂದರು. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಜಗ್ಗಲಿಲ್ಲ, ಎಣಿಕೆಯೇ ಆಗಲಿ ಎಂದರು. ಪರವಾಗಿ 41, ವಿರುದ್ಧ 68. ದೇವರು ಸೋತ ಆ ಸಭೆಯಲ್ಲಿ ನಾಸ್ತಿಕರು ಬೆರಳೆಣಿಕೆಯಷ್ಟೂ ಇರಲಿಲ್ಲವೆಂಬುದು ನನ್ನ ಗುಮಾನಿ.

ಅದಕ್ಕೆ ಎರಡು ವರ್ಷ ಮೊದಲು ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗ ರಾಯರು, ಅವರೂ ನಮ್ಮ ಕರಾವಳಿಯವರೇ, ಅಮೆರಿಕ, ಕೆನಡಾ, ಬ್ರಿಟನ್‌ಗಳ ಜೊತೆ ಐರ್ಲೆಂಡಿಗೂ ಹೋಗಿ ಅಲ್ಲಿನ ಪ್ರಧಾನಿ ಈಮನ್ ಡಿ ವಲೇರಾ ಅವರನ್ನು ಕಂಡು ಬಂದಿದ್ದರು. ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳು 1937ರ ಐರಿಷ್ ಸಂವಿಧಾನದ 45ನೆಯ ವಿಧಿಯ ಮಾದರಿಯವು. 45ನೆಯ ವಿಧಿ ನಮಗೆ ಬೇಕಾಯಿತು. ಅದರ ಪಕ್ಕದಲ್ಲೇ ಇದ್ದ ಧರ್ಮದ 44ನೆಯ ವಿಧಿಯಾಗಲಿ, ಪರಮ ತ್ರಿತ್ವದ ಹೆಸರು ಹೇಳಿ ಏಸುಕ್ರಿಸ್ತನಿಗೆ ಋಣ ಸಲ್ಲಿಸುವ ಆ ಪೀಠಿಕೆಯಾಗಲಿ ಬೇಕಾಗಲಿಲ್ಲ. ನಾವು ಬಿಟ್ಟುಬಂದ ಆ ಪುಟಗಳ ಕಥೆಯೇ ನನ್ನ ಇಂದಿನ ವಿಷಯ.

ಐರಿಷ್ ಜನ ಕ್ಯಾಥೋಲಿಕ್ ನಂಬಿಕೆಗೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡದ್ದೇಕೆ? ಪಾದ್ರಿಗಳ ಮೋಡಿ ಎಂದು ತಳ್ಳಿಹಾಕುವವರಿಗೆ ಇತಿಹಾಸ ಗೊತ್ತಿಲ್ಲ. 17ನೆಯ ಶತಮಾನದ ಕೊನೆಯಿಂದ ಬ್ರಿಟಿಷ್ ಆಳ್ವಿಕೆ ಒಂದರ ಮೇಲೊಂದು ದಂಡನೆಯ ಕಾನೂನು ತಂದಿತು. ಕ್ಯಾಥೋಲಿಕನಿಗೆ ಸಂಸತ್ತಿಲ್ಲ, ಸರ್ಕಾರಿ ಹುದ್ದೆಯಿಲ್ಲ, ಜಮೀನು ಕೊಳ್ಳುವಂತಿಲ್ಲ, 5 ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆ ಇಟ್ಟುಕೊಳ್ಳುವಂತಿಲ್ಲ. ಜನ ಊರಾಚೆಯ ಬಂಡೆಯನ್ನೇ ಪೀಠ ಮಾಡಿಕೊಂಡು ಬಲಿಪೂಜೆ ನಡೆಸಿದರು. ಆ ಬಂಡೆಗಳನ್ನು ಇಂದಿಗೂ ಹಳ್ಳಿಗರು ತೋರಿಸುತ್ತಾರೆ. ಅಧಿಕೃತ ಧರ್ಮ ಪ್ರಾಟೆಸ್ಟೆಂಟರ 'ಚರ್ಚ್ ಆಫ್ ಐರ್ಲೆಂಡ್'. ಬಹುಪಾಲು ಜನ ಅದರ ಬಾಗಿಲು ತುಳಿಯದವರು, ಆದರೂ ಬೆಳೆಯ ದಶಮಾಂಶ ಅದಕ್ಕೆ ಕೊಡಬೇಕು. 1829ರಲ್ಲಿ ಡೇನಿಯಲ್ ಓಕಾನೆಲ್ ಚಳವಳಿಯಿಂದ ಕ್ಯಾಥೋಲಿಕರಿಗೆ ಸಂಸತ್ತಿನ ಬಾಗಿಲು ತೆರೆಯಿತು. 1871ರಲ್ಲಿ ಆ ರಾಜಧರ್ಮದ ಪಟ್ಟವೂ ಇಳಿಯಿತು. ನಡುವೆ 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬಂದ ಮಹಾಕ್ಷಾಮ ಸುಮಾರು ಹತ್ತು ಲಕ್ಷ ಜನರನ್ನು ಕೊಂದಿತು, ಅಷ್ಟೇ ಮಂದಿಯನ್ನು ಹಡಗು ಹತ್ತಿಸಿತು. ಸತ್ತವರಲ್ಲಿ, ಹೋದವರಲ್ಲಿ ಐರಿಷ್ ಭಾಷೆಯಾಡುವವರೇ ಹೆಚ್ಚು. ಭಾಷೆ ಕೈಬಿಡುತ್ತ ಬಂದಂತೆ, ನಾವು ಇಂಗ್ಲಿಷರಲ್ಲ ಎಂದು ಹೇಳಿಕೊಳ್ಳಲು ಉಳಿದದ್ದು ಜಪಸರ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮಗೆ ಭಾಷೆ ಮಾಡಿದ ಕೆಲಸವನ್ನು ಅವರಿಗೆ ಧರ್ಮ ಮಾಡಿತು.

ಹಾಗೆಂದು ಐರಿಷ್ ರಾಷ್ಟ್ರೀಯತೆ ಕ್ಯಾಥೋಲಿಕರ ಸ್ವಂತ ಸೊತ್ತೇನೂ ಆಗಿರಲಿಲ್ಲ. ವುಲ್ಫ್ ಟೋನ್, ಚಾರ್ಲ್ಸ್ ಪಾರ್ನೆಲ್, ಕವಿ ಯೇಟ್ಸ್ ಪ್ರಾಟೆಸ್ಟೆಂಟ್ ಮನೆತನದವರು. ಐರಿಷ್ ಭಾಷೆಯ ಪುನರುಜ್ಜೀವನಕ್ಕೆ ದುಡಿದು 1938ರಲ್ಲಿ ದೇಶದ ಮೊದಲ ಅಧ್ಯಕ್ಷರಾದ ಡಗ್ಲಸ್ ಹೈಡ್ ಪ್ರಾಟೆಸ್ಟೆಂಟ್ ಪಾದ್ರಿಯ ಮಗ. ಆದರೆ ಬ್ರಿಟನ್ನಿನಿಂದ ಬಿಡುಗಡೆಯ ಹೊತ್ತಿಗೆ ದೇಶ ವಿಭಜನೆಯಾಗಿ ಈಶಾನ್ಯದ ಆರು ಜಿಲ್ಲೆಗಳು ಬ್ರಿಟನ್ನಿನಲ್ಲೇ ಉಳಿದಾಗ, ಪ್ರಾಟೆಸ್ಟೆಂಟರಲ್ಲಿ ಬಹುಪಾಲು ಜನ ಗಡಿಯಾಚೆ ಉಳಿದರು. ದಕ್ಷಿಣದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಕ್ಯಾಥೋಲಿಕರು. ಎದುರು ಮಾತಾಡುವ ದೊಡ್ಡ ಗುಂಪೇ ಸದನದಿಂದ ಎದ್ದುಹೋದ ಹಾಗಾಯಿತು.

ಈಗ ಒಂದು ವಿಚಿತ್ರ ಗಮನಿಸಿ. 1922ರ ಮೊದಲ ಸಂವಿಧಾನದಲ್ಲಿ ಕ್ಯಾಥೋಲಿಕ್ ಎಂಬ ಪದಕ್ಕೆ ವಿಶೇಷ ಮನ್ನಣೆಯೇ ಇರಲಿಲ್ಲ. ಸರ್ಕಾರ ಯಾವ ಧರ್ಮಕ್ಕೂ ಹಣ ಕೊಡಬಾರದು ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ಆ ಸಂವಿಧಾನದ ಕೆಳಗೇ 1923ರಲ್ಲಿ ಸಿನಿಮಾ ಸೆನ್ಸಾರ್ ಬಂತು, 1925ರಲ್ಲಿ ವಿಚ್ಛೇದನದ ದಾರಿ ಮುಚ್ಚಿತು, 1929ರಲ್ಲಿ ಪುಸ್ತಕಗಳ ಸೆನ್ಸಾರ್, 1935ರಲ್ಲಿ ಗರ್ಭನಿರೋಧಕಗಳ ಮಾರಾಟಕ್ಕೂ ಆಮದಿಗೂ ನಿಷೇಧ. ವಿಚ್ಛೇದನದ ವಿಷಯದಲ್ಲಿ ಸೆನೆಟ್ ಸದಸ್ಯರಾಗಿದ್ದ ಯೇಟ್ಸ್ ಕಟುವಾಗಿಯೇ ಎಚ್ಚರಿಸಿದರು: ಕ್ಯಾಥೋಲಿಕ್ ಕಟ್ಟಳೆಯನ್ನು ದೇಶದ ಕಾನೂನು ಮಾಡಿದರೆ ಉತ್ತರದವರು ಎಂದಿಗೂ ನಿಮ್ಮ ಜೊತೆ ಬರಲಾರರು ಎಂದು. ಕೇಳಿಸಿಕೊಂಡವರು ಕಡಿಮೆ.

ಹೆಚ್ಚು ಜನ ಬೈಯುವುದು 1937ರ ಸಂವಿಧಾನವನ್ನು. ನನಗೆ ಅದು ಅನ್ಯಾಯವೆನ್ನಿಸುತ್ತದೆ. ಮುಂದೆ ಡಬ್ಲಿನ್ನಿನ ಆರ್ಚ್‌ಬಿಷಪ್ ಆದ ಜಾನ್ ಚಾರ್ಲ್ಸ್ ಮೆಕ್ವೇಡ್ ಆಗ ಒಂದು ಕಾಲೇಜಿನ ಮುಖ್ಯಸ್ಥರು. ಕರಡು ತಯಾರಾಗುವಾಗ ಡಿ ವಲೇರಾಗೆ ರಾಶಿ ರಾಶಿ ಟಿಪ್ಪಣಿ ಕಳಿಸುತ್ತಿದ್ದವರು. ಕ್ಯಾಥೋಲಿಕ್ ಧರ್ಮಸಭೆಯೇ ಕ್ರಿಸ್ತ ಸ್ಥಾಪಿಸಿದ ನಿಜವಾದ ಸಭೆ ಎಂದು ಸಂವಿಧಾನ ಹೇಳಲಿ ಎಂಬ ಒತ್ತಡ ಅಂಥ ವಲಯಗಳದ್ದು. ಡಿ ವಲೇರಾ ಅಷ್ಟು ದೂರ ಹೋಗಲಿಲ್ಲ. ಬಹುಸಂಖ್ಯಾತರ ನಂಬಿಕೆಯ ಕಾವಲುಗಾರನಾಗಿ ಕ್ಯಾಥೋಲಿಕ್ ಧರ್ಮಸಭೆಗೆ 'ವಿಶೇಷ ಸ್ಥಾನ' ಎಂದು ಬರೆದು, ಅದರ ಕೆಳಗೇ ಚರ್ಚ್ ಆಫ್ ಐರ್ಲೆಂಡ್, ಪ್ರೆಸ್ಬಿಟೀರಿಯನ್, ಮೆಥಡಿಸ್ಟ್, ಕ್ವೇಕರ್ ಸಭೆಗಳನ್ನೂ ಯೆಹೂದ್ಯರ ಸಭೆಗಳನ್ನೂ ಹೆಸರಿಸಿದರು. 1937ರ ಯುರೋಪಿನಲ್ಲಿ ಒಂದು ಸಂವಿಧಾನ ಯೆಹೂದ್ಯರನ್ನು ಹೆಸರು ಹಿಡಿದು ಮನ್ನಿಸಿತು ಎಂಬುದನ್ನು ಮರೆಯಬಾರದು. ವ್ಯಾಟಿಕನ್‌ಗೆ ತೃಪ್ತಿಯಾಗಲಿಲ್ಲ. ಒಪ್ಪಿಗೆಯೂ ಇಲ್ಲ, ವಿರೋಧವೂ ಇಲ್ಲ, ಸುಮ್ಮನಿರುತ್ತೇವೆ ಎಂಬುದು ಪೋಪ್ ಹನ್ನೊಂದನೆಯ ಪಯಸ್ ಅವರ ನಿಲುವು. ಸರ್ಕಾರ ಯಾವ ಧರ್ಮವನ್ನೂ ಪೋಷಿಸದು ಎಂಬ ವಾಕ್ಯವೂ ಉಳಿಯಿತು. ವಿಚ್ಛೇದನ ನಿಷೇಧವನ್ನು ಸಂವಿಧಾನಕ್ಕೇ ಏರಿಸಿದ್ದು ಮಾತ್ರ ಆ ಹಾಳೆಯ ಮೇಲಿನ ದೊಡ್ಡ ತಪ್ಪು.

ಹಾಗಾದರೆ ಬಿಷಪ್ಪರ ಬಲ ಎಲ್ಲಿಂದ ಬಂತು? ನನ್ನ ವಾದವಿಷ್ಟೇ: ಶಾಲೆ ಮತ್ತು ಆಸ್ಪತ್ರೆಯ ಬೀಗದ ಕೈಯಿಂದ. 1831ರಲ್ಲಿ ಬ್ರಿಟಿಷ್ ಸರ್ಕಾರ ಎಲ್ಲ ಪಂಥದ ಮಕ್ಕಳೂ ಒಟ್ಟಿಗೆ ಕಲಿಯುವ ರಾಷ್ಟ್ರೀಯ ಶಾಲೆಗಳ ಯೋಜನೆ ತಂದಿತ್ತು. ಶತಮಾನ ಮುಗಿಯುವಷ್ಟರಲ್ಲಿ ಬಹುತೇಕ ಎಲ್ಲ ಶಾಲೆಗಳೂ ಒಂದೊಂದು ಪಂಥದ ವಶವಾದವು. ಸಂಬಳ ಸರ್ಕಾರದ್ದು, ಒಡೆತನ ಧರ್ಮಕೇಂದ್ರದ್ದು. ಸ್ವಾತಂತ್ರ್ಯದ ಬೆನ್ನಿಗೇ ನಡೆದ ಅಂತರ್ಯುದ್ಧದಿಂದ ಎದ್ದ ಬಡ ಸರ್ಕಾರಕ್ಕೆ ಇದು ಬಹಳ ಅನುಕೂಲ. ಅಲ್ಪ ವೆಚ್ಚದಲ್ಲಿ ದುಡಿಯುವ ಕನ್ಯಾಸ್ತ್ರೀಯರು ಆಸ್ಪತ್ರೆ ನಡೆಸುತ್ತಾರೆ, ಬ್ರದರುಗಳು ಅನಾಥ ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಖಜಾನೆಗೆ ಭಾರವಿಲ್ಲ. ಅವರಲ್ಲಿ ಸಾವಿರಾರು ಮಂದಿ ನಿಜವಾದ ಸೇವಾ ಮನೋಭಾವದವರು, ಬಡವರಿಗೆ ಅಕ್ಷರ ಕೊಟ್ಟವರು. ಅದನ್ನು ಹೇಳದೆ ಮುಂದೆ ಹೋಗುವುದು ಕೃತಘ್ನತೆ. ಆದರೆ ಲೆಕ್ಕ ಕೇಳುವವರು ಯಾರು? ಸರ್ಕಾರ ಧರ್ಮಸಭೆಯ ಕಡೆ ಕೈ ತೋರಿಸಿತು. ಧರ್ಮಸಭೆ ದೇವರಿಗಷ್ಟೇ ಉತ್ತರ ಕೊಡುತ್ತಿತ್ತು.

1951ರಲ್ಲಿ ಈ ಗಂಟು ಎಲ್ಲರ ಕಣ್ಣಿಗೆ ಬಿತ್ತು. ಆರೋಗ್ಯ ಮಂತ್ರಿ ನೋಯಲ್ ಬ್ರೌನ್ ಕ್ಷಯರೋಗಕ್ಕೆ ತಂದೆ ತಾಯಿಯನ್ನು ಕಳೆದುಕೊಂಡು, ತಾನೂ ಅದೇ ಕಾಯಿಲೆಯಿಂದ ನರಳಿ ಬದುಕಿದ ವೈದ್ಯ. ಕ್ಷಯರೋಗಿಗಳಿಗೆ ಆಸ್ಪತ್ರೆ ಕಟ್ಟಿಸಿ ಹೆಸರಾದವರು. ತಾಯಂದಿರಿಗೆ ಬಾಣಂತನದ ಆರೈಕೆ, 16 ವರ್ಷದವರೆಗಿನ ಮಕ್ಕಳಿಗೆ ಚಿಕಿತ್ಸೆ, ಆದಾಯ ಕೇಳದೆ ಎಲ್ಲರಿಗೂ ಉಚಿತ. ಇದು ಅವರ ಯೋಜನೆ. ಇಂದು ಯಾವ ಪಕ್ಷವೂ ಇದಕ್ಕೆ ಇಲ್ಲ ಅನ್ನಲಾರದು. ಆದರೆ ಬಿಷಪ್ಪರು ಒಪ್ಪಲಿಲ್ಲ. ಕುಟುಂಬದ ಹಕ್ಕಿನಲ್ಲಿ ಸರ್ಕಾರ ಕೈ ಹಾಕುತ್ತಿದೆ, ಸರ್ಕಾರಿ ವೈದ್ಯರು ಹೆಂಗಸರಿಗೆ ಏನೇನು ಹೇಳಿಕೊಡುತ್ತಾರೋ ಎಂಬ ಆಕ್ಷೇಪ. ಆದಾಯ ಹೋಗುತ್ತದೆಂದು ವೈದ್ಯರ ಸಂಘವೂ ವಿರೋಧಿಸಿತು. ವೈದ್ಯರಿಗೆ ಬಿಷಪ್ಪರ ಬೆನ್ನು ಸಿಕ್ಕಿದ್ದು ದೊಡ್ಡ ಅದೃಷ್ಟ ಎನ್ನಬೇಕು. ಪ್ರಧಾನಿ ಜಾನ್ ಕಾಸ್ಟೆಲೊ ಮಂತ್ರಿಯ ಬೆಂಬಲಕ್ಕೆ ನಿಲ್ಲಲಿಲ್ಲ. ರಾಜೀನಾಮೆ ಕೇಳಿದವರು ಬ್ರೌನ್ ಅವರ ಪಕ್ಷದ ನಾಯಕ ಶಾನ್ ಮೆಕ್‌ಬ್ರೈಡ್. ಮಾನವ ಹಕ್ಕುಗಳ ಕೆಲಸಕ್ಕಾಗಿ 1974ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅದೇ ಮೆಕ್‌ಬ್ರೈಡ್! ತಾನು ಮೊದಲು ಕ್ಯಾಥೋಲಿಕ್, ಆಮೇಲೆ ಐರಿಷ್ ಎಂದು ಕಾಸ್ಟೆಲೊ ಸಂಸತ್ತಿನಲ್ಲೇ ಹೇಳಿದರು. ಬ್ರೌನ್ ಸುಮ್ಮನೆ ಹೋಗಲಿಲ್ಲ. ಬಿಷಪ್ಪರೊಂದಿಗೆ ನಡೆದ ಪತ್ರವ್ಯವಹಾರವನ್ನೆಲ್ಲ ಪತ್ರಿಕೆಗೆ ಕೊಟ್ಟುಬಿಟ್ಟರು. ಮಂತ್ರಿಮಂಡಲದ ತೀರ್ಮಾನ ಎಲ್ಲಿ ಆಗುತ್ತದೆಂದು ಜನ ಮೊದಲ ಸಲ ಅಚ್ಚಿನಲ್ಲಿ ಓದಿದರು.

ಈ ಪ್ರಕರಣದಲ್ಲಿ 44ನೆಯ ವಿಧಿಯನ್ನು ಬಿಷಪ್ಪರು ಬಳಸಬೇಕಾಗಿಯೇ ಬರಲಿಲ್ಲ. ಅದಿಲ್ಲದೆಯೂ ಕೆಲಸ ನಡೆಯುತ್ತಿತ್ತು. ಆದ್ದರಿಂದಲೇ ಆ 'ವಿಶೇಷ ಸ್ಥಾನ'ವನ್ನು ತೆಗೆದುಹಾಕುವುದು ಅಷ್ಟು ಸಲೀಸಾಯಿತು. ಉತ್ತರದಲ್ಲಿ ಹಿಂಸಾಚಾರ ಭುಗಿಲೆದ್ದಿತ್ತು, ಪ್ರಾಟೆಸ್ಟೆಂಟರಿಗೆ ಭರವಸೆ ಕೊಡಬೇಕಾಗಿತ್ತು. ಆ ಸಾಲು ಹೋದರೆ ನಾನು ಕಣ್ಣೀರು ಹಾಕುವುದಿಲ್ಲ ಎಂದು ಕಾರ್ಡಿನಲ್ ಕಾನ್ವೇ ಅವರೇ ಅಂದಿದ್ದರು. 1972ರ ಡಿಸೆಂಬರಿನ ಜನಮತದಲ್ಲಿ ಶೇ. 84ರಷ್ಟು ಮಂದಿ ತೆಗೆಯಿರಿ ಎಂದರು.

ತೆಗೆದರು. ಏನಾಯಿತು? 1971ರ ಮೇ ತಿಂಗಳಲ್ಲಿ ಮಹಿಳಾ ಚಳವಳಿಗಾರ್ತಿಯರು ಬೆಲ್‌ಫಾಸ್ಟ್‌ಗೆ ರೈಲಿನಲ್ಲಿ ಹೋಗಿ ಗರ್ಭನಿರೋಧಕಗಳನ್ನು ಕೊಂಡು ಡಬ್ಲಿನ್ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳ ಮುಖಕ್ಕೆ ತೋರಿಸಿದ್ದರು. ಆ ನಿಷೇಧ ಆಮೇಲೂ ಇತ್ತು. 1973ರಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬಂದು ದಂಪತಿಗಳ ಖಾಸಗಿ ಹಕ್ಕನ್ನು ಎತ್ತಿಹಿಡಿಯಿತು. 1979ರ ಕಾನೂನು ಬಂದಾಗಲೂ ಕಾಂಡೋಮಿಗೆ ವೈದ್ಯರ ಚೀಟಿ ಬೇಕಾಗಿತ್ತು. 1983ರಲ್ಲಂತೂ ದೇಶ ಹಿಂದಕ್ಕೇ ನಡೆಯಿತು. ಗರ್ಭಪಾತ 1861ರ ವಿಕ್ಟೋರಿಯಾ ಕಾಲದ ಕಾಯ್ದೆಯಡಿ ಮೊದಲೇ ಅಪರಾಧ. ಅದು ಸಾಲದೆಂದು, ಹುಟ್ಟದ ಶಿಶುವಿಗೂ ತಾಯಿಗೂ ಸಮಾನ ಜೀವಿಸುವ ಹಕ್ಕು ಎಂಬ ಎಂಟನೆಯ ತಿದ್ದುಪಡಿಯನ್ನು ಶೇ. 67ರಷ್ಟು ಮತದಿಂದ ಸಂವಿಧಾನಕ್ಕೆ ಸೇರಿಸಿದರು. ಧರ್ಮದ ಹೆಸರು ಹೇಳುವ ಸಾಲು ಹೋದ ಹನ್ನೊಂದು ವರ್ಷಕ್ಕೆ, ಯಾವ ಧರ್ಮದ ಹೆಸರನ್ನೂ ಹೇಳದ, ಆದರೆ ಅದಕ್ಕಿಂತ ನೂರು ಪಾಲು ಕಠಿಣವಾದ ಸಾಲು ಬಂತು.

ಆ ಸಾಲಿನ ಕೆಳಗೆ ಸತ್ತವರು ಬೆಳಗಾವಿಯ ಸವಿತಾ ಹಾಲಪ್ಪನವರ್. ಇಲ್ಲಿ ಕುಳಿತವರಲ್ಲಿ ಅನೇಕರಿಗೆ ಆ ಹೆಸರು ನೆನಪಿದೆ. ಬೆಳಗಾವಿಯಲ್ಲಿ ದಂತವೈದ್ಯಕೀಯ ಓದಿ, ಮದುವೆಯಾಗಿ ಗಾಲ್ವೇ ನಗರಕ್ಕೆ ಹೋದ ಹೆಣ್ಣುಮಗಳು. 2012ರ ಅಕ್ಟೋಬರ್ 21ರಂದು, 17 ವಾರದ ಬಸುರಿಯಾಗಿದ್ದಾಗ, ನೋವೆಂದು ಆಸ್ಪತ್ರೆ ಸೇರಿದರು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದರು. ಹಾಗಾದರೆ ತೆಗೆದುಬಿಡಿ ಎಂದು ಸವಿತಾ ಕೇಳಿದರು. ಭ್ರೂಣದ ಎದೆಬಡಿತ ಇರುವವರೆಗೆ ಆಗದು ಎಂಬ ಉತ್ತರ ಬಂತು. ನಾನು ಐರಿಷ್ ಅಲ್ಲ, ಕ್ಯಾಥೋಲಿಕ್ ಅಲ್ಲ ಎಂದು ಅವರು ಹೇಳಿದ್ದನ್ನು ಪತಿ ಆಮೇಲೆ ನೆನಪಿಸಿಕೊಂಡರು. ಇದು ಕ್ಯಾಥೋಲಿಕ್ ದೇಶ ಎಂಬರ್ಥದ ಮಾತು ತನ್ನ ಬಾಯಿಂದ ಬಂದದ್ದು ನಿಜವೆಂದು ಸೂಲಗಿತ್ತಿಯರ ಮೇಲ್ವಿಚಾರಕಿಯೊಬ್ಬರು 2013ರ ವಿಚಾರಣೆಯಲ್ಲಿ ಒಪ್ಪಿಕೊಂಡರು. ನೋಯಿಸಲೆಂದಲ್ಲ, ಕಾನೂನು ಯಾಕೆ ಹೀಗಿದೆಯೆಂದು ವಿವರಿಸಲು ಹಾಗೆಂದೆ ಎಂದರು. ನಾನದನ್ನು ನಂಬುತ್ತೇನೆ, ಮತ್ತು ನಂಬಿದಷ್ಟೂ ಆ ಮಾತು ಹೆಚ್ಚು ಭಯ ಹುಟ್ಟಿಸುತ್ತದೆ. ಅಕ್ಟೋಬರ್ 28ರಂದು ಸವಿತಾ ರಕ್ತದ ನಂಜಿನಿಂದ ತೀರಿಕೊಂಡರು. ಅವರಿಗೆ 31 ವರ್ಷ. ಸೋಂಕಿನ ಲಕ್ಷಣಗಳನ್ನು ಸಮಯಕ್ಕೆ ಗುರುತಿಸದ ವೈದ್ಯಕೀಯ ಲೋಪಗಳೂ ಇದ್ದವೆಂದು ತನಿಖೆಗಳು ಹೇಳಿದವು. ಎಲ್ಲವನ್ನೂ ಕಾನೂನಿನ ತಲೆಗೇ ಕಟ್ಟುವುದು ಸರಿಯಲ್ಲ. ಆದರೆ ಅವರು ಬಿಟ್ಟುಬಂದ ದೇಶದಲ್ಲಿ 1971ರಲ್ಲೇ ವೈದ್ಯಕೀಯ ಗರ್ಭಪಾತದ ಕಾಯ್ದೆ ಬಂದಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಪ್ರಶ್ನೆಯೇ ಏಳದಿದ್ದ ವಿಷಯ, ಯುರೋಪಿನ ಶ್ರೀಮಂತ ದೇಶವೊಂದರ ಆಸ್ಪತ್ರೆಯಲ್ಲಿ ಜೀವದ ಪ್ರಶ್ನೆಯಾಯಿತು.

ಆ ವೇಳೆಗೆ ಧರ್ಮಸಭೆಯ ನೈತಿಕ ಬಲ ಕುಸಿದಿತ್ತು, ಅದೂ ಆ ಬೀಗದ ಕೈಗಳಿಂದಲೇ. 2009ರ ರಾಯನ್ ವರದಿ ಸನ್ಯಾಸಿಗಳ ವಸತಿಶಾಲೆಗಳಲ್ಲಿ ದಶಕಗಳ ಕಾಲ ಮಕ್ಕಳಿಗಾದ ಹೊಡೆತ, ಲೈಂಗಿಕ ದೌರ್ಜನ್ಯಗಳನ್ನು ದಾಖಲಿಸಿತು. ದಾರಿ ತಪ್ಪಿದವರೆಂದು ಹಣೆಪಟ್ಟಿ ಹಚ್ಚಿ ಹೆಂಗಸರನ್ನು ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. ಟ್ಯೂಮ್ ಎಂಬ ಊರಿನ ತಾಯಿ-ಮಗು ಆಶ್ರಮದಲ್ಲಿ 1925ರಿಂದ 1961ರವರೆಗೆ ಸತ್ತ 796 ಮಕ್ಕಳ ಹೆಸರುಗಳನ್ನು ಸ್ಥಳೀಯ ಇತಿಹಾಸಗಾರ್ತಿ ಕ್ಯಾಥರಿನ್ ಕಾರ್ಲೆಸ್ ಒಂದೊಂದಾಗಿ ಹೊರತೆಗೆದರು. ಇಲ್ಲಿ ಕನ್ಯಾಸ್ತ್ರೀಯರನ್ನಷ್ಟೇ ಬೈದು ಮುಗಿಸುವವರ ಜೊತೆ ನಾನಿಲ್ಲ. ಟ್ಯೂಮ್ ಆಶ್ರಮದ ಕಟ್ಟಡ ಜಿಲ್ಲಾಡಳಿತದ್ದು, ಖರ್ಚಿಗೆ ಹಣ ಕೊಟ್ಟದ್ದೂ ಅದೇ. ಲಾಂಡ್ರಿಗಳಿಗೆ ಸೇರಿದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಯನ್ನು ಕಳಿಸಿದ್ದು ಸರ್ಕಾರವೇ ಎಂದು 2013ರ ವರದಿ ಹೇಳಿತು. ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿ ಗದ್ಗದಿತರಾದರು.

ಆಮೇಲಿನದು ಬೇಗ ನಡೆಯಿತು. ವಿಚ್ಛೇದನ ನಿಷೇಧ 1995ರಲ್ಲೇ ಬಿದ್ದಿತ್ತು, ದೇಶಕ್ಕೆಲ್ಲ ಕೇವಲ 9,114 ಮತಗಳ ಅಂತರದಿಂದ. 2015ರಲ್ಲಿ ಸಲಿಂಗ ವಿವಾಹಕ್ಕೆ ಶೇ. 62 ಮತ. 2018ರ ಮೇ 25ರಂದು ಎಂಟನೆಯ ತಿದ್ದುಪಡಿಯ ರದ್ದತಿಗೆ ಶೇ. 66. ಮೂವತ್ತೈದು ವರ್ಷದಲ್ಲಿ ಅಂಕಿ ಹೆಚ್ಚುಕಡಿಮೆ ತಲೆಕೆಳಗಾಗಿತ್ತು. ಆಗ ಪ್ರಧಾನಿ ಲಿಯೋ ವರಾಡ್ಕರ್, ಮುಂಬೈಯಿಂದ ಹೋದ ವೈದ್ಯರ ಮಗ. ಬೆಳಗಾವಿಯಿಂದ ಸವಿತಾರ ತಂದೆ ತಾಯಿ ರದ್ದತಿಗೆ ಮತ ಹಾಕಿ ಎಂದು ಐರಿಷ್ ಜನರನ್ನು ಕೇಳಿಕೊಂಡಿದ್ದರು. ಡಬ್ಲಿನ್ನಿನ ಒಂದು ಗೋಡೆಯ ಮೇಲಿನ ಸವಿತಾರ ಚಿತ್ರದ ಸುತ್ತ ಜನ ಚೀಟಿಗಳನ್ನು ಅಂಟಿಸಿ ಹೋದರು, ಕ್ಷಮೆ ಕೇಳಿದ ಚೀಟಿಗಳೇ ಹೆಚ್ಚು.

ಇದು ಧರ್ಮದ ಮೇಲೆ ಜಾತ್ಯತೀತರ ಗೆಲುವು ಎಂದು ಬರೆದವರಿದ್ದಾರೆ. ಅಂಕಿಗಳು ಹಾಗೆ ಹೇಳುವುದಿಲ್ಲ. 2016ರ ಜನಗಣತಿಯಲ್ಲಿ ಶೇ. 78 ಮಂದಿ ತಮ್ಮನ್ನು ಕ್ಯಾಥೋಲಿಕರೆಂದೇ ಬರೆಸಿದ್ದರು. ರದ್ದತಿಗೆ ಬಿದ್ದ ಮತಗಳಲ್ಲಿ ಬಹುಪಾಲು ಅವರವೇ ಆಗಿರಬೇಕು. ಅವರು ದೇವರನ್ನು ಬಿಟ್ಟವರಲ್ಲ. ಬಿಷಪ್ಪರಿಗೆ ವಕಾಲತ್ತು ಕೊಡುವುದನ್ನು ನಿಲ್ಲಿಸಿದವರು. ನಿಜವಾಗಿ ನಷ್ಟ ಅನುಭವಿಸಿದ್ದು ನಂಬಿಕೆಯೇ: 1961ರಲ್ಲಿ ಶೇ. 95ರ ಆಸುಪಾಸಿನಲ್ಲಿದ್ದ ಕ್ಯಾಥೋಲಿಕರ ಪ್ರಮಾಣ 2022ರಲ್ಲಿ ಶೇ. 69. ದಂಡನೆಯ ಕಾನೂನಿಗೆ ಬಗ್ಗದಿದ್ದ ನಂಬಿಕೆಯನ್ನು ಅಧಿಕಾರ ಸವೆಸಿತು ಎಂಬುದು ನನ್ನ ತೀರ್ಪು. ಐರಿಷ್ ಪಾದ್ರಿಗಳಲ್ಲಿಯೇ ಇದನ್ನು ಒಪ್ಪುವವರಿದ್ದಾರೆ.

ಪೀಠಿಕೆಯಲ್ಲಿ ಪರಮ ತ್ರಿತ್ವ ಇಂದಿಗೂ ಇದೆ. ಅಧ್ಯಕ್ಷರೂ ನ್ಯಾಯಾಧೀಶರೂ ಸರ್ವಶಕ್ತ ದೇವರ ಸಮ್ಮುಖದಲ್ಲೇ ಪ್ರಮಾಣ ಮಾಡಬೇಕು. ನಮ್ಮ ಹಾಗೆ ದೇವರನ್ನು ಬಿಟ್ಟು ದೃಢೀಕರಿಸುವ ಆಯ್ಕೆ ಅವರಿಗಿಲ್ಲ. ಇದರ ವಿರುದ್ಧ ಬೀದಿಗಿಳಿದವರು ಕಡಿಮೆ. ಜಗಳವಿರುವುದು ಶಾಲೆಗಳದ್ದು. ಹತ್ತು ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಒಂಬತ್ತು ಈಗಲೂ ಕ್ಯಾಥೋಲಿಕ್ ಪೋಷಕತ್ವದಲ್ಲಿವೆ, ಸಂಬಳ ಸರ್ಕಾರದ್ದೇ. ಜ್ಞಾನಸ್ನಾನದ ಪ್ರಮಾಣಪತ್ರ ನೋಡಿ ಸೀಟು ಕೊಡುವ ಪದ್ಧತಿ ಅವುಗಳಲ್ಲಿ ನಿಂತದ್ದು 2018ರ ಕಾಯ್ದೆ ಬಂದ ಮೇಲೆ. 2030ರ ಹೊತ್ತಿಗೆ ಎಲ್ಲ ಧರ್ಮದವರಿಗೂ ಸಲ್ಲುವ 400 ಶಾಲೆಗಳು ಎಂಬುದು ಸರ್ಕಾರದ ಗುರಿ. ಕೆಲಸ ಆಮೆಯ ನಡಿಗೆಯಲ್ಲಿದೆ, ಎಷ್ಟೋ ಊರುಗಳಲ್ಲಿ ಪೋಷಕರೇ ಬದಲಾವಣೆ ಬೇಡವೆನ್ನುತ್ತಾರೆ. ನಿಮ್ಮ ಮಕ್ಕಳೋ ಬಂಧುಗಳೋ ಡಬ್ಲಿನ್, ಕಾರ್ಕ್, ಗಾಲ್ವೇ ಕಡೆ ಇದ್ದರೆ ಒಮ್ಮೆ ವಿಚಾರಿಸಿ: ತರಗತಿಯ ಮಕ್ಕಳೆಲ್ಲ ಮೊದಲ ಪರಮಪ್ರಸಾದಕ್ಕೆ ತಯಾರಾಗುವ ಹೊತ್ತಿನಲ್ಲಿ ನಮ್ಮ ಮಗು ಎಲ್ಲಿ ಕುಳಿತಿರುತ್ತದೆ ಎಂದು.